ಅಮ್ಮನ ಕೋಣೆಗೆ ತಿಳಿ ಬಣ್ಣ ಆರಿಸಿದ್ದು

ಮೈಸೂರಿನ ನಮ್ಮ ಹಳೆ ಮನೆಯಲ್ಲಿ ಅಮ್ಮನ ಕೋಣೆಗೆ ಪೇಂಟ್ ಮಾಡಿಸಬೇಕಿತ್ತು. ಕೊನೆಗೆ ಎರಡು ಶೇಡ್ ಉಳಿದವು. ಒಂದು ತಿಳಿ ಕೆನೆ ಬಣ್ಣ, ಇನ್ನೊಂದು ಚೂರು ಬೂದು ಬೆರೆತ ಬಿಳಿ. ಶೇಡ್ ಕಾರ್ಡಿನಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ನನಗೆ ಬೂದುಬಿಳಿಯೇ ಇಷ್ಟವಾಗಿತ್ತು, ಅಂಗಡಿಯಲ್ಲೇ ಹೇಳಿಬಿಡೋಣ ಅಂತಿದ್ದೆ. ಪೇಂಟರ್ ತಡೆದರು. "ಕಾರ್ಡ್ ನೋಡಿ ಹೇಳ್ಬೇಡಿ ಮೇಡಂ, ಹಚ್ಚಿ ನೋಡಿ."

ಎರಡರದ್ದೂ ಚಿಕ್ಕ ಡಬ್ಬಿ ತಂದೆ. ಗೋಡೆಯ ಹಳೆ ಬಣ್ಣ ಹಸಿರು, ಅದರ ಪಕ್ಕ ಹಚ್ಚಿದರೆ ಯಾವ ತಿಳಿ ಬಣ್ಣವಾದರೂ ಸ್ವಲ್ಪ ಕೆಂಪಗೆ ಕಾಣುತ್ತೆ. ಅದಕ್ಕೇ ಬಿಳಿ ಚಾರ್ಟ್ ಶೀಟ್ ಮೇಲೆ ಎರಡೆರಡು ಕೋಟ್ ಹೊಡೆದು, ಸುತ್ತ ಎರಡು ಬೆರಳಗಲ ಬಿಳಿ ಬಿಟ್ಟೆ. ಹಸಿಯಾಗಿದ್ದಾಗ ಏನೂ ತೀರ್ಮಾನ ಮಾಡಬೇಡಿ, ಒಣಗಿದ ಮೇಲೆ ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಪೇಂಟಿನ ಬಣ್ಣ ಬದಲಾಗುತ್ತೆ.

ಮೊದಲು ಎರಡನ್ನೂ ಅಕ್ಕಪಕ್ಕ ಅಂಟಿಸಿದೆ. ಕೆನೆ ಬಣ್ಣ ಹಳದಿ ಅನ್ನಿಸಿತು, ಬೂದು ನೀಲಿ ಅನ್ನಿಸಿತು. ಒಂದು ಇನ್ನೊಂದನ್ನು ಕೆಡಿಸುತ್ತಿತ್ತು, ಅಷ್ಟೇ. ಗೋಡೆಗೆ ಹೋಗುವುದು ಒಂದೇ ಬಣ್ಣ ಅಲ್ವಾ? ಹಾಗಾಗಿ ಒಂದು ದಿನ ಒಂದು ಶೀಟ್, ಮರುದಿನ ಇನ್ನೊಂದು. ಕಿಟಕಿ ಪಕ್ಕ, ಬೀರು ಹಿಂದಿನ ಕತ್ತಲೆ ಮೂಲೆ, ನೆಲದ ಹತ್ತಿರ, ಎಲ್ಲ ಕಡೆ ಇಟ್ಟು ನೋಡಿದೆ.

ಆಗ ಗೊತ್ತಾಯಿತು. ಆ ಕೋಣೆಗಿರುವುದು ಉತ್ತರದ ಕಿಟಕಿ ಒಂದೇ, ನೇರ ಬಿಸಿಲು ಬೀಳುವುದು ಕಡಿಮೆ, ಬರುವ ಬೆಳಕೇ ನೀಲಿ ಛಾಯೆಯದ್ದು. ಅದರಲ್ಲಿ ನನ್ನ ಬೂದುಬಿಳಿ ಮಂಕಾಗಿ ಹೋಯಿತು. ಕೆನೆಯಲ್ಲಿದ್ದ ಹಳದಿ ಮಾತ್ರ ತಣ್ಣಗಾಗಿ, ಮೂಲೆಯಲ್ಲೂ ಶುಭ್ರ ಬಿಳಿಯ ಹಾಗೆ ಕಂಡಿತು. ರೆಡ್ ಆಕ್ಸೈಡ್ ನೆಲದ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತೆ, ಕೆನೆಗೆ ಅದು ಹೊಂದುತ್ತಿತ್ತು, ಬೂದಿಗೆ ಹೊಂದುತ್ತಿರಲಿಲ್ಲ.

ರಾತ್ರಿ ಮತ್ತೆ ನೋಡಿದೆ. 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕಿನ ಬಲ್ಬ್ ಹಾಕಿದರೆ ಕೆನೆ ಬೆಣ್ಣೆಯ ಹಾಗೆ, ಜಾಸ್ತಿಯೇ ಹಳದಿ. ಆದರೆ ಅಮ್ಮ ಓದುವುದು 6500ರ ಬಿಳಿ ಟ್ಯೂಬ್‌ಲೈಟಿನಲ್ಲಿ, ಅದರಲ್ಲಿ ಚೆನ್ನಾಗಿತ್ತು. ಅಮ್ಮ ಮಂಚದ ಮೇಲೆ ಕೂತು ಬೂದು ಶೀಟನ್ನು ನೋಡಿ, "ಇದು ಮೋಡ ಕವಿದ ಹಾಗಿದೆ ಕಣೇ, ಬೇಡ" ಅಂದರು. ಆ ಕೋಣೆಯಲ್ಲಿ ದಿನವೆಲ್ಲ ಇರುವವರು ಅವರು. ಕೆನೆಯೇ ಆಯಿತು.

ಪೇಂಟ್ ತಂದ ಮೇಲೆ ಎಲ್ಲ ಡಬ್ಬಿಯನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿಸಿದೆವು, ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಇರಬಹುದು ಅಂತ. ಶೇಡ್ ಕೋಡನ್ನು ಬೀರು ಬಾಗಿಲಿನ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.