ಕೆಸುವಿನ ಎಲೆಯ ಹಾಗೆ ನೀರು ಜಾರಿಸುವ ಅಲ್ಯೂಮಿನಿಯಂ: ನನ್ನ ಅನುಭವ

ಮಂಗಳೂರಿನಲ್ಲಿ ಕಡಲಿಗೆ ಹತ್ತಿರದ ಮನೆಗಳ ಅಲ್ಯೂಮಿನಿಯಂ ಕಿಟಕಿಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮೂಲೆಗಳಲ್ಲಿ, ಸ್ಕ್ರೂಗಳ ಸುತ್ತ ಬಿಳಿ ಪುಡಿ ಕೂತಿರುತ್ತದೆ. ಒರೆಸಿದರೆ ಕೆಳಗೆ ಸೂಜಿ ಚುಚ್ಚಿದ ಹಾಗೆ ಗುಳಿಗಳು. ನಮ್ಮ ಮನೆಯಲ್ಲೂ ಹಾಗೇ ಇತ್ತು. ಅಲ್ಯೂಮಿನಿಯಂ ಮೇಲೆ ತಾನಾಗಿ ಬೆಳೆಯುವ ಆಕ್ಸೈಡ್ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಉಪ್ಪುಗಾಳಿಯ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆಯುತ್ತದೆ. ಒಮ್ಮೆ ಒಡೆದರೆ ಆ ಜಾಗದಲ್ಲಿ ಲೋಹ ಒಳಗೊಳಗೇ ಕೊರೆದುಹೋಗುತ್ತದೆ.

ಅದೇ ಮನೆಯ ಹಿತ್ತಲಲ್ಲಿ ಕೆಸು ಬೆಳೆದಿತ್ತು. ಎಷ್ಟು ಮಳೆ ಸುರಿದರೂ ಎಲೆ ಒದ್ದೆಯಾಗುವುದಿಲ್ಲ, ಹನಿ ಉಂಡೆಯಾಗಿ ಉರುಳಿ ಹೋಗುತ್ತದೆ. ನೀರೇ ನಿಲ್ಲದಿದ್ದರೆ ಉಪ್ಪು ಏನು ಮಾಡೀತು ಅಂದುಕೊಂಡೆ. ಆನೋಡೈಸಿಂಗ್, ಅಂದರೆ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ವಿದ್ಯುತ್ತಿನಿಂದ ದಪ್ಪ ಮಾಡುವ ಘಟಕವೊಂದರ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದೆ. ಕೈಗೆ 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ತುಂಡುಗಳು ಸಿಗುತ್ತಿದ್ದವು. ಅಲ್ಲೇ ಶುರು ಮಾಡಿದೆ.

ಮೊದಲು ಅಸಿಟೋನ್‌ನಲ್ಲಿ ಜಿಡ್ಡು ತೆಗೆದೆ. ಸಾಕು ಅಂದುಕೊಂಡಿದ್ದೆ. ಟ್ಯಾಂಕ್ ನೋಡಿಕೊಳ್ಳುವ ಹಿರಿಯರು ತುಂಡಿನ ಮೇಲೆ ನೀರು ಬಿಟ್ಟು ತೋರಿಸಿದರು. ನೀರು ಅಲ್ಲಲ್ಲಿ ಹರಿದು ಬಿಟ್ಟುಕೊಂಡಿತು. "ಇನ್ನೂ ಜಿಡ್ಡಿದೆ ನೋಡಪ್ಪ. ಮೊದಲು ನೀರು ಪೂರ್ತಿ ಹಿಡೀಬೇಕು. ಬಿಡಿಸೋದು ಆಮೇಲೆ" ಅಂದರು. ಈ ಒಂದು ಮಾತು ಮುಂದೆ ಎಷ್ಟೋ ದಿನ ಉಳಿಸಿತು. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದು ನಿಮಿಷ ಅದ್ದಿದಾಗ ತುಂಡು ಕಪ್ಪಾಯಿತು. ಆ ಮಸಿಯನ್ನು ನೈಟ್ರಿಕ್ ಆಮ್ಲದಲ್ಲಿ ತೆಗೆದ ಮೇಲೆ ನೀರು ಒಂದೇ ಹಾಳೆಯಾಗಿ ಹರಡಿತು.

ಮುಂದೆ ಹೈಡ್ರೋಕ್ಲೋರಿಕ್ ಆಮ್ಲ. ಇಲ್ಲಿ ಹುಷಾರಾಗಿರಬೇಕು. ತುಂಡು ಅದ್ದಿದ ಮೇಲೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಕ್ಸೈಡ್ ಕರಗಬೇಕಲ್ಲ. ಆಮೇಲೆ ಒಮ್ಮೆಲೇ ನೊರೆ ಉಕ್ಕಿ ಬೀಕರ್ ಬಿಸಿಯಾಗುತ್ತದೆ. ಹೊರಬರುವುದು ಹೈಡ್ರೋಜನ್. ಫ್ಯೂಮ್ ಹುಡ್ (ಹೊಗೆ, ಅನಿಲವನ್ನು ಹೊರಗೆ ಎಳೆಯುವ ಗೂಡು) ಇಲ್ಲದೆ, ಹತ್ತಿರ ಬೆಂಕಿ ಇಟ್ಟುಕೊಂಡು ಈ ಕೆಲಸ ಮಾಡಲೇಬಾರದು. ಒಂದು ತುಂಡನ್ನು ಅರ್ಧ ನಿಮಿಷ ಜಾಸ್ತಿ ಬಿಟ್ಟಿದ್ದಕ್ಕೆ ಅಂಚೇ ಕರಗಿಹೋಯಿತು. ಸರಿಯಾಗಿ ಬಂದ ತುಂಡು ಮಂಜು ಕವಿದ ಗಾಜಿನ ಹಾಗೆ ಬೆಳ್ಳಗೆ ಮಂಕಾಗಿ ಕಾಣುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಎಲ್ಲಾ ಕಡೆ ಮೆಟ್ಟಿಲು ಮೆಟ್ಟಿಲು.

ಇದನ್ನು ಕುದಿಯುವ ಡಿಎಂ ನೀರಿನಲ್ಲಿ (ಖನಿಜ ತೆಗೆದ ನೀರು) ಅರ್ಧ ಗಂಟೆ ಇಟ್ಟೆ. ಬಿಸಿನೀರಿಗೆ ಅಲ್ಯೂಮಿನಿಯಂನ ಮೇಲ್ಮೈ ಬೋಮೈಟ್, ಅಂದರೆ ನೀರು ಸೇರಿದ ಅಲ್ಯೂಮಿನಿಯಂ ಆಕ್ಸೈಡ್ ಆಗಿ ಬದಲಾಗುತ್ತದೆ. ಮೆಟ್ಟಿಲುಗಳ ಮೇಲೆ ನ್ಯಾನೋ ಗಾತ್ರದ ದಳಗಳು ಏಳುತ್ತವೆ. ಬೋರ್‌ವೆಲ್ ನೀರು ಬೇಡ. ಸಿಲಿಕೇಟ್, ಫಾಸ್ಫೇಟ್ ಇದ್ದರೆ ಈ ಬೆಳವಣಿಗೆಗೇ ಅಡ್ಡಿ. ಈ ಹಂತದಲ್ಲಿ ಹನಿ ಹಾಕಿದರೆ ಬ್ಲಾಟಿಂಗ್ ಪೇಪರ್ ಮೇಲೆ ಶಾಯಿ ಬಿದ್ದ ಹಾಗೆ ಹರಡುತ್ತದೆ. ಹೆದರಬೇಕಿಲ್ಲ, ಅದೇ ಒಳ್ಳೆಯ ಗುರುತು.

ಕೊನೆಗೆ ಸ್ಟಿಯರಿಕ್ ಆಮ್ಲ. ಸೋಪು, ಮೇಣದಬತ್ತಿಗೆ ಹಾಕುವ ಅದೇ ಕೊಬ್ಬಿನ ಆಮ್ಲ. 100 ಮಿಲಿ ಎಥನಾಲ್‌ಗೆ 0.28 ಗ್ರಾಂ. ಅದರ ಒಂದು ತುದಿ ಅಲ್ಯೂಮಿನಿಯಂ ಹಿಡಿಯುತ್ತದೆ, 17 ಕಾರ್ಬನ್‌ಗಳ ಉದ್ದನೆಯ ಬಾಲ ಹೊರಗೆ ನಿಲ್ಲುತ್ತದೆ. ನೀರನ್ನು ದೂರ ಇಡುವುದು ಆ ಬಾಲ. ಫ್ಲೋರಿನ್ ಸೇರಿದ ಸೈಲೇನ್‌ಗಳೂ (ಸಿಲಿಕಾನ್ ಇರುವ ಸಂಯುಕ್ತಗಳು) ಇದೇ ಕೆಲಸ ಮಾಡುತ್ತವೆ. ಆದರೆ ಬೇಗ ಒಡೆದು ನಾಶವಾಗದೆ ಮಣ್ಣು, ನೀರಿನಲ್ಲಿ ಉಳಿಯುವ ವಸ್ತು ನನಗೆ ಬೇಡವಾಗಿತ್ತು. ಅದ್ದಿ ತೆಗೆದ ಮೇಲೆ ಬಿಸಿ ಮಾಡಿದ ಹೊಸ ಎಥನಾಲ್‌ನಲ್ಲಿ ತೊಳೆಯಲೇಬೇಕು. ಎಥನಾಲ್ ಬೆಂಕಿ ಹಿಡಿಯುತ್ತದೆ, ಬಿಸಿ ಮಾಡುವುದು ವಾಟರ್ ಬಾತ್‌ನಲ್ಲಿ (ಬಿಸಿನೀರಿನ ಪಾತ್ರೆಯೊಳಗೆ ಇಟ್ಟು) ಮಾತ್ರ. ಮೊದಲ ಸಲ ತೊಳೆಯದೆ ಒಣಗಿಸಿದ್ದೆ. ನೀರು ಜಾರುವ ಅಳತೆ ಚೆನ್ನಾಗೇ ಬಂತು, ಆದರೆ ಅದು ಮೇಲೆ ಕೂತ ಬಿಳಿ ಮೇಣದ ಪುಡಿಯ ಅಳತೆ. ಬೆರಳಲ್ಲಿ ಉಜ್ಜಿದರೆ ಎದ್ದು ಬಂತು.

ತೊಳೆದ ತುಂಡಿನ ಮೇಲೆ ಸಂಪರ್ಕ ಕೋನ ಅಳೆಯಲು ಹೋದೆ. ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವ ಕೋನ ಅದು, ಹೆಚ್ಚಿದಷ್ಟೂ ಹನಿ ಉಂಡೆ. 5 ಮೈಕ್ರೋಲೀಟರ್ ಹನಿ ಸಿರಿಂಜ್ ಸೂಜಿ ಬಿಟ್ಟು ಇಳಿಯಲೇ ಇಲ್ಲ. ತುಂಡಿಗೆ ತಾಗಿಸಿ ಸೂಜಿ ಎತ್ತಿದರೆ ಹನಿಯೂ ಸೂಜಿಯ ಜೊತೆಗೇ ಮೇಲೆ ಬರುತ್ತಿತ್ತು. 8 ಮೈಕ್ರೋಲೀಟರ್‌ಗೆ ಏರಿಸಿದಾಗ ತನ್ನ ಭಾರಕ್ಕೆ ಇಳಿಯಿತು, ಸ್ವಲ್ಪ ವಾಲಿಸಿದ್ದೇ ತಡ ಉರುಳಿಹೋಯಿತು. ಕೋನ 150 ಡಿಗ್ರಿ ದಾಟಿತ್ತು. ಆ ದಿನದ ಖುಷಿ ಇವತ್ತಿಗೂ ಹಾಗೇ ಇದೆ.

ಆದರೆ ಕಿಟಕಿಯ ಪ್ರಶ್ನೆ ಬೇರೆಯೇ ಅಲ್ವಾ? ತುಂಡನ್ನು ಸಮುದ್ರದ ನೀರಿನಷ್ಟೇ ಉಪ್ಪಿರುವ 3.5 ಶೇಕಡಾ ಉಪ್ಪುನೀರಿನಲ್ಲಿ ಮುಳುಗಿಸಿದೆ. ಓರೆಯಾಗಿ ನೋಡಿದರೆ ಬೆಳ್ಳಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದು ದಳಗಳ ನಡುವೆ ಸಿಕ್ಕಿಕೊಂಡ ಗಾಳಿ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ಇಂಥ ಕಡೆ ಹನಿ ಕೂರುವುದು ಬಹುಪಾಲು ಗಾಳಿಯ ಮೇಲೆ. ದಿನ ಕಳೆದಂತೆ ಆ ಬೆಳ್ಳಿ ಅಂಚಿನಿಂದ ಮಾಸುತ್ತಾ ಬಂತು. ಗಾಳಿ ನೀರಿನಲ್ಲಿ ಕರಗುತ್ತಿತ್ತು. ಎಲ್ಲಿ ಮಾಸಿತೋ ಅಲ್ಲೇ ಗುಳಿ ಬಿತ್ತು. ನೀರು ಜಾರುವುದು ಒಂದು, ಲೋಹ ಉಳಿಯುವುದು ಇನ್ನೊಂದು ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ಆಮ್ಲಕ್ಕೂ ಕುದಿನೀರಿಗೂ ನಡುವೆ ಆನೋಡೈಸಿಂಗ್ ಸೇರಿಸಿದೆ. ಲೀಟರಿಗೆ 180 ಗ್ರಾಂ ಸಲ್ಫ್ಯೂರಿಕ್ ಆಮ್ಲ, 20 ಡಿಗ್ರಿ, ಚದರ ಡೆಸಿಮೀಟರಿಗೆ 1.5 ಆಂಪಿಯರ್, ಅರ್ಧ ಗಂಟೆ. 12 ಮೈಕ್ರಾನ್ ಆಸುಪಾಸಿನ ಆಕ್ಸೈಡ್ ಸಿಕ್ಕಿತು. ಆಮೇಲಿನ ಕುದಿನೀರು ಎರಡು ಕೆಲಸ ಮಾಡಿತು: ಆಕ್ಸೈಡಿನ ರಂಧ್ರ ಮುಚ್ಚಿತು, ಮೇಲೆ ದಳವನ್ನೂ ಎಬ್ಬಿಸಿತು. ಉಪ್ಪುನೀರಿನಲ್ಲಿ ಬೆಳ್ಳಿ ಹೊಳಪು ಇದರಲ್ಲೂ ಮಾಸಿತು. ಆದರೆ ಮೊದಲಿನ ತುಂಡು ಗುಳಿಬಿದ್ದಷ್ಟೇ ದಿನ ಇಟ್ಟು ನೋಡಿದೆ, ಇದಕ್ಕೆ ಏನೂ ಆಗಿರಲಿಲ್ಲ. ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿದರೆ ನೀರು ಜಾರುವ ಗುಣ ಹೋಗುತ್ತದೆ, ಕೆಳಗಿನ ಆಕ್ಸೈಡ್ ಇರುತ್ತದೆ. ದಳಗಳು ಪೂರ್ತಿ ಸವೆದಿರದಿದ್ದರೆ ಸ್ಟಿಯರಿಕ್‌ನಲ್ಲಿ ಮತ್ತೊಮ್ಮೆ ಅದ್ದಿದರೆ ಗುಣ ಮರಳುತ್ತದೆ.

ಮನೆಯ ಕಿಟಕಿಗೆ ಒಂದು ಪಟ್ಟಿ ಮಾಡಿ ಕೂರಿಸಿದೆ. ಸ್ಕ್ರೂ ತೂತನ್ನು ಎಲ್ಲಾ ಮುಗಿದ ಮೇಲೆ ಕೊರೆದಿದ್ದೆ. ಮಳೆಗಾಲ ಕಳೆದು ನೋಡಿದರೆ ಪಟ್ಟಿಯೆಲ್ಲಾ ಚೆನ್ನಾಗಿದೆ, ತೂತಿನ ಸುತ್ತ ಮಾತ್ರ ಬಿಳಿ ಪುಡಿ. ಈಗಿನ ಪಟ್ಟಿಗಳಿಗೆ ತೂತು ಕೊರೆದು, ಅಂಚು ಉಜ್ಜಿ, ಆಮೇಲೆಯೇ ಮೊದಲ ಟ್ಯಾಂಕಿಗೆ ಇಳಿಸುತ್ತೇನೆ.