ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ತಮಗೊಬ್ಬ ಮನಸ್ಸಿನ ಡಾಕ್ಟರನ್ನು ಹುಡುಕುವುದು ಹೇಗೆ: ಕೋಲಾರದ ಸ್ಟಾಫ್ ನರ್ಸ್ ಒಬ್ಬಳ ಅನುಭವ

ನಾನು ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಸ್ಟಾಫ್ ನರ್ಸ್. ಹದಿನೇಳು ವರ್ಷದ ಸರ್ವೀಸು. ಕರೆಂಟು ಹೋದರೂ ಇವಳಿಗೆ ಸೂಜಿ ಚುಚ್ಚುವ ರಕ್ತನಾಳ ಸಿಗುತ್ತೆ ಅಂತ ಜೊತೆಯವರು ತಮಾಷೆ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಹೈವೇಯಿಂದ ಆಕ್ಸಿಡೆಂಟ್ ಕೇಸ್ ಬಂತು. ಹುಡುಗನಿಗೆ ನನ್ನ ಮಗನ ವಯಸ್ಸು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಉಳಿಯಲಿಲ್ಲ. ನಾನು ಅಳಲೂ ಇಲ್ಲ. ರಿಜಿಸ್ಟರ್ ಬರೆದೆ, ಟ್ರೇ ತೊಳೆದೆ, ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗಿ ಚಿತ್ರಾನ್ನ ಕಲಸಿದೆ. ಮೂರು ವಾರ ಆದಮೇಲೆ ಒಬ್ಬ ಅಜ್ಜಿಗೆ ಡ್ರಿಪ್‌ನ ಸೂಜಿ, ಕ್ಯಾನುಲಾ ಹಾಕಲು ಕೂತಾಗ ಕೈ ನಡುಗಿತು. ಎರಡು ಸಲ ಚುಚ್ಚಿದೆ, ಸಿಗಲಿಲ್ಲ. ಅಜ್ಜಿಯೇ ನನ್ನ ಕೈ ಸವರಿ, 'ಪರವಾಗಿಲ್ಲ ಬಿಡಮ್ಮ' ಅಂದರು. ಅವತ್ತಿನಿಂದ ಐವಿ ಸೆಟ್ ಎಣಿಸುವ ನೆಪದಲ್ಲಿ ಸ್ಟೋರ್ ರೂಮಿಗೆ ಹೋಗಿ ಕೂರುವುದು ಶುರುವಾಯಿತು. ನಮ್ಮ ಸ್ಟೋರಿನ ಐವಿ ಸೆಟ್ಟಿನ ಲೆಕ್ಕ ಯಾವತ್ತೂ ಅಷ್ಟು ಸರಿ ಇರಲಿಲ್ಲ.

ನಮ್ಮಂಥವರ ಕಷ್ಟ ಡಾಕ್ಟರ್ ಸಿಗದೇ ಇರುವುದಲ್ಲ. ಸಿಗುವ ಡಾಕ್ಟರು ಗುರುತಿನವರಾಗಿರುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್ ಎಲ್ಲ ಇರುತ್ತಾರೆ. ಆದರೆ ಒಪಿಡಿ ಚೀಟಿ ಬರೆಯುವವನು ನಮ್ಮ ಜೊತೆ ಟೀ ಕುಡಿಯುವವನು. ಔಷಧಿ ಕೊಡುವವಳು ನನ್ನ ಬ್ಯಾಚ್‌ಮೇಟ್. ಸಂಜೆಯೊಳಗೆ 'ಸಿಸ್ಟರ್‌ಗೆ ಏನೋ ಆಗಿದೆಯಂತೆ' ಅನ್ನುವ ಮಾತು ಲೇಬರ್ ವಾರ್ಡ್ ತನಕ ಹೋಗಿರುತ್ತೆ. ಅದಕ್ಕೇ ನಾನು ಐದು ತಿಂಗಳು ಸುಮ್ನೆ ಕಳೆದೆ. ನೀವು ಅಷ್ಟು ಕಾಯಬೇಡಿ.

ನಿದ್ದೆ, ಊಟ, ಕೋಪ ಇವು ಎರಡು ವಾರಕ್ಕಿಂತ ಜಾಸ್ತಿ ಹದಗೆಟ್ಟಿದ್ದರೆ ಯಾರನ್ನಾದರೂ ಕೇಳುವ ಹೊತ್ತಾಯಿತು ಅಂತಲೇ ತಿಳಿಯಿರಿ. ನೈಟ್ ಡ್ಯೂಟಿಯವರಿಗೆ ನಿದ್ದೆ ಹೇಗೂ ಕೆಟ್ಟಿರುತ್ತೆ, ಅಲ್ವಾ? ನಾನು ನೋಡಿಕೊಂಡದ್ದು ಹೀಗೆ: ಆಫ್ ಇದ್ದ ದಿನ, ಮನೆ ಖಾಲಿ ಇದ್ದಾಗ, ಫ್ಯಾನ್ ಕೆಳಗೆ ಮಲಗಿದರೂ ನಿದ್ದೆ ಬರಲಿಲ್ಲ. ಅದು ಡ್ಯೂಟಿಯ ತಪ್ಪಲ್ಲ. 'ಬರ್ನೌಟ್ ಅಷ್ಟೇ' ಅಂತ ತಳ್ಳಿಹಾಕುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟನ್ನು ಕಾಯಿಲೆ ಅಂದಿಲ್ಲ, ಕೆಲಸದಿಂದ ಬರುವ ಸ್ಥಿತಿ ಅಂದಿದೆ. ಆದರೆ ಅದರ ಅಡಿಯಲ್ಲಿ ಡಿಪ್ರೆಷನ್ ಕೂತಿರಬಹುದು. ಅದನ್ನು ಬೇರೆಯವರು ನೋಡಿ ಹೇಳಬೇಕು, ನಾವೇ ಅಲ್ಲ.

ಇನ್ನೊಂದು ಮಾತು, ನಮ್ಮೊಳಗೇ ಇರಲಿ. ಕೈಗೆ ಸಿಗುತ್ತೆ ಅಂತ ಆತಂಕ ಇಳಿಸುವ ಆಲ್ಪ್ರಾಜೋಲಾಂ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಮೊದಲು ಅರ್ಧ, ಆಮೇಲೆ ಒಂದು. ಅದು ಚಟವಾಗಿ ಅಂಟಿಕೊಳ್ಳುವ ಮಾತ್ರೆ ಅಂತ ರೋಗಿಗಳಿಗೆ ಹೇಳುವವರು ನಾವೇ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ದಿಢೀರ್ ಅಂತ ನಿಲ್ಲಿಸಲೂ ಬೇಡಿ. ಡಾಕ್ಟರ ಹತ್ತಿರ ನಿಜ ಹೇಳಿ, ನಿಧಾನವಾಗಿ ಇಳಿಸುತ್ತಾರೆ.

ಮೊದಲ ಫೋನು 14416ಕ್ಕೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ರಾತ್ರಿ ಹಗಲೆನ್ನದೆ ಇರುತ್ತೆ. 14416 ಸಿಗದಿದ್ದರೆ 1800-891-4416. ಭಾಷೆ ಆರಿಸಿಕೊಳ್ಳಬಹುದು. ನಾನು ಮಧ್ಯಾಹ್ನ ಎರಡೂವರೆಗೆ, ತಾರಸಿ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಾ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಯಾವ ಆಸ್ಪತ್ರೆ ಅಂತ ನಾನು ಹೇಳಲಿಲ್ಲ, ಅವರು ಒತ್ತಾಯ ಮಾಡಲಿಲ್ಲ. ಎದುರಿಗೆ ಕೂತು ಮಾತಾಡುವವರು ಬೇಕು ಅಂತ ನನಗೇ ಗೊತ್ತಾದದ್ದು ಆ ಫೋನಿನಲ್ಲಿ.

ಎದುರಿಗೆ ಅಂದರೆ ಎಲ್ಲಿ? ನನ್ನ ಸಲಹೆ ಪಕ್ಕದ ತಾಲ್ಲೂಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತೆ, ಮನೋವೈದ್ಯರು ಬರುತ್ತಾರೆ. ಬಂಗಾರಪೇಟೆಯಲ್ಲಿ ಕೆಲಸ ಮಾಡುವವರು ಮಾಲೂರಿಗೆ ಹೋಗಿ. ಶ್ರೀನಿವಾಸಪುರದವರು ಚಿಂತಾಮಣಿಗೆ ಹೋಗಿ. 2007ರ ತನಕ ಅದೂ ನಮ್ಮ ಜಿಲ್ಲೆಯೇ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ, ಅಲ್ಲಿ ನಿಮ್ಮ ಬ್ಯಾಚ್‌ಮೇಟ್ ಇರುವ ಸಾಧ್ಯತೆ ಕಡಿಮೆ. ಹೊರಡುವ ಮುಂಚೆ ಡಾಕ್ಟರು ಬರುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ಅಂತೂ ಇದ್ದೇ ಇದೆ. ಬಂಗಾರಪೇಟೆಯಿಂದ ಬೆಳಗಿನ ಟ್ರೇನು ಹತ್ತಿದರೆ ಆಯಿತು. ಮೊದಲ ಸಲ ಇಡೀ ದಿನ ಹೋಗುತ್ತೆ. ನೈಟ್ ಮುಗಿಸಿ ಅದೇ ಕಣ್ಣಲ್ಲಿ ಹೋಗಬೇಡಿ. ಕ್ಯೂನಲ್ಲೇ ನಿದ್ದೆ ಬಂದುಬಿಡುತ್ತೆ, ನನಗೆ ಬಂದಿತ್ತು.

ಪ್ರೈವೇಟ್ ಆದರೆ ಬೋರ್ಡ್ ನೋಡಿ ನಂಬಬೇಡಿ. ಮಾತ್ರೆ ಬೇಕಾದರೆ ಮನೋವೈದ್ಯರ ಹತ್ತಿರ ಹೋಗಿ, ಎಂಡಿ ಸೈಕಿಯಾಟ್ರಿ ಅಥವಾ ಡಿಪಿಎಂ ಥರದ ಮನೋವೈದ್ಯಕೀಯ ಓದು ಇದೆಯಾ ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಕೇಳಿ ನೋಡಿ. ನಮ್ಮ ರಿಜಿಸ್ಟ್ರೇಷನ್ ನಂಬರ್ ಯಾರಾದರೂ ಕೇಳಿದರೆ ನಾವು ಬೇಜಾರು ಮಾಡಿಕೊಳ್ಳುತ್ತೇವಾ? ಇಲ್ಲ ತಾನೇ.

ಅಪಾಯಿಂಟ್‌ಮೆಂಟಿಗೆ ಮುಂಚೆ ಐದು ನಿಮಿಷ ಫೋನಿನಲ್ಲಿ ಮಾತಾಡಿ. ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. 'ನನ್ನದು ಶಿಫ್ಟ್ ಡ್ಯೂಟಿ, ರೋಸ್ಟರ್ ಬದಲಾದರೆ ಟೈಮ್ ಬದಲಾಯಿಸಿಕೊಡುತ್ತೀರಾ?' 'ಮುಂಚೆ ನರ್ಸುಗಳನ್ನು, ಡಾಕ್ಟರುಗಳನ್ನು ನೋಡಿದ್ದೀರಾ?' 'ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರು ನೋಡುತ್ತಾರೆ?' 'ರಜೆಗೆ ಸರ್ಟಿಫಿಕೇಟ್ ಬೇಕಾದರೆ ಅದರಲ್ಲಿ ಏನಂತ ಬರೆಯುತ್ತೀರಿ?' 'ತೆಲುಗು ಬರುತ್ತಾ?'

ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ನಾನು ಮುಳಬಾಗಿಲು ಕಡೆಯವಳು. ಓದಿದ್ದು ಕನ್ನಡ, ಮನೆಯಲ್ಲಿ ತೆಲುಗು. ಕೆಜಿಎಫ್ ಕಡೆಯ ನಮ್ಮ ಸಿಸ್ಟರುಗಳಿಗೆ ಮನೆಮಾತು ತಮಿಳು. ಕೇಸ್ ಶೀಟಿಗೆ ಇಂಗ್ಲಿಷು. ಮೊದಲು ನೋಡಿದ ಕೌನ್ಸೆಲರ್ ಒಳ್ಳೆಯವರೇ. ಆದರೆ ಪ್ರತಿ ಎರಡು ನಿಮಿಷಕ್ಕೆ, 'ಹೌ ಡಸ್ ದಟ್ ಮೇಕ್ ಯು ಫೀಲ್' ಅನ್ನುತ್ತಿದ್ದರು. ನಾನು 'ಓಕೆ ಮೇಡಂ' ಅನ್ನುತ್ತಿದ್ದೆ. ಎರಡು ಸಲ ಹೋಗಿ ಬಿಟ್ಟೆ. ಎರಡನೆಯವರು ಶುರುವಿನಲ್ಲೇ, 'ನಿಮ್ಮನ್ನು ಏನಂತ ಕರೀಲಿ?' ಅಂತ ಕೇಳಿದರು. ಹದಿನೇಳು ವರ್ಷದಿಂದ ಎಲ್ಲರಿಗೂ ನಾನು ಸಿಸ್ಟರ್. ಹೆಸರು ಹೇಳಿದೆ. ಆಮೇಲೆ ಅವರು, 'ಮನೇಲಿ ಅಮ್ಮನ ಹತ್ರ ಹೇಗೆ ಹೇಳ್ತೀರೋ ಹಾಗೇ ಹೇಳಿ' ಅಂದರು. 'ಗುಂಡೆ ದಡ' ಅಂತ ಬಾಯಿಗೆ ಬಂತು. ಎದೆ ಹೊಡೆದುಕೊಳ್ಳುವುದಕ್ಕೆ ನಮ್ಮಮ್ಮ ಹೇಳುವ ಮಾತು. ಆತಂಕ, ಖಿನ್ನತೆ ಅನ್ನುವ ಪದಗಳೆಲ್ಲ ಪೋಸ್ಟರಿನವು. ಆ ಒಂದು ಮಾತು ಬಾಯಿಂದ ಬಿದ್ದ ಮೇಲೆ ಉಳಿದದ್ದು ತಾನಾಗೇ ಬಂತು, ಚಪ್ಪಲಿಯ ವಿಷಯವೂ.

ಅವರಿಗೆ ತೆಲುಗು ಅರ್ಧಂಬರ್ಧ ಬರುತ್ತಿತ್ತು ಅಷ್ಟೇ. ಅರ್ಥವಾಗದಿದ್ದರೆ ಕೇಳುತ್ತಿದ್ದರು. ಅಷ್ಟು ಸಾಕು.

ಭಾಷೆ ಹೊಂದಿದ ಮಾತ್ರಕ್ಕೆ ಆಗಲಿಲ್ಲ. ನಮ್ಮ ವಾರ್ಡಿನ ಗ್ರೂಪ್ ಡಿ ಅಕ್ಕ ಒಬ್ಬರು ಅಚ್ಚ ಕನ್ನಡದ ಕೌನ್ಸೆಲರ್ ಹತ್ತಿರ ಹೋಗಿದ್ದರು. ತನ್ನ ಟೀ ಲೋಟವನ್ನು ಕಿಟಕಿ ಮೇಲೆ ಬೇರೆ ಇಡುತ್ತಾರೆ ಅಂತ ಹೇಳಿದರಂತೆ. ಆ ಕೌನ್ಸೆಲರ್, 'ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪಾಸಿಟಿವ್ ಆಗಿ ಯೋಚನೆ ಮಾಡಿ' ಅಂದರಂತೆ. ಅಕ್ಕ ಮತ್ತೆ ಹೋಗಲಿಲ್ಲ. ಸರಿಯಾಗಿಯೇ ಮಾಡಿದರು. ಲೋಟ ಬೇರೆ ಇಟ್ಟವರನ್ನು ಬಿಟ್ಟು ಲೋಟದವರ ಮನಸ್ಸನ್ನು ರಿಪೇರಿ ಮಾಡಲು ಹೊರಟವರು ನಮಗೆ ಬೇಡ. ಎಷ್ಟು ದಿನದಿಂದ, ಯಾರು, ನಿಮಗೇನು ಆಗಬೇಕು ಅಂತ ಕೇಳುವವರು ಬೇಕು. ಮೊದಲ ಭೇಟಿಯಲ್ಲೇ ಇಂಥ ಒಂದು ಚಿಕ್ಕ ವಿಷಯ ಹೇಳಿ ನೋಡಿ. ಮುಖ ಗೊತ್ತಾಗುತ್ತೆ.

ಲ್ಯಾಬಿನ ಹುಡುಗನೊಬ್ಬ ರಂಜಾನ್ ಬಂತು ಅಂತ ಹೇಳದೆ ಕೇಳದೆ ಮಾತ್ರೆ ಬಿಟ್ಟಿದ್ದ. ಅವನ ಡಾಕ್ಟರು ಬೈಯಲಿಲ್ಲ, ಹೊತ್ತನ್ನು ಇಫ್ತಾರ್ ಆದಮೇಲಕ್ಕೆ ಹಾಕಿಕೊಟ್ಟರು. ಗಂಡು ಗಂಡನ್ನೇ ಇಷ್ಟಪಡುವುದು, ಹೆಣ್ಣಾಗಿ ಬದುಕಬೇಕು ಅನಿಸುವುದು ಇಂಥದ್ದನ್ನು ಹೇಳಿಕೊಂಡಾಗ 'ಸರಿ ಮಾಡುತ್ತೇನೆ' ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಹಾಗೆ ಬದಲಾಯಿಸಲು ಹೊರಡುವುದು ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ.

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯ ಯಾವುದನ್ನೂ ನೋಡಿ ಭೇದ ಮಾಡುವಂತಿಲ್ಲ ಅನ್ನುತ್ತೆ ಅದರ 18ನೇ ಸೆಕ್ಷನ್. ನಿಮ್ಮ ವಿಷಯ ಗುಟ್ಟಾಗಿ ಇಡಬೇಕು ಅನ್ನುತ್ತೆ 23ನೆಯದು. ಯಾರದ್ದಾದರೂ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಇಂಥ ಕೆಲವು ಸಂದರ್ಭ ಬಿಟ್ಟು. ಮೇಲಿನವರು 'ಅವರಿಗೆ ಏನಾಗಿದೆಯಂತೆ' ಅಂತ ಫೋನ್ ಮಾಡಿದರೂ ನಿಮ್ಮ ಡಾಕ್ಟರು ಹೇಳುವಂತಿಲ್ಲ.

ಬದುಕುವುದೇ ಬೇಡ ಅನಿಸಿದರೆ ಮಾತ್ರ ಪಕ್ಕದ ತಾಲ್ಲೂಕು, ಗುಟ್ಟು, ಚೀಟಿ ಎಲ್ಲ ಬದಿಗಿಡಿ. ಆ ಕ್ಷಣ 14416, ಇಲ್ಲವೇ 112, ಇಲ್ಲವೇ ಹತ್ತಿರದ ಕ್ಯಾಶುವಾಲ್ಟಿ, ನಮ್ಮದೇ ಆದರೂ ಸರಿ. ಸ್ಟೋರಿನ ಬೀಗದ ಕೈ ಅವತ್ತು ಜೊತೆಯವರಿಗೆ ಕೊಟ್ಟುಬಿಡಿ. ಒಬ್ಬರೇ ಇರಬೇಡಿ.

ಕೌನ್ಸೆಲಿಂಗಿನಿಂದ ಆಗದ್ದೂ ಇದೆ. ಹನ್ನೆರಡು ಬೆಡ್ಡಿಗೆ ಒಬ್ಬಳೇ ಸ್ಟಾಫು ಅನ್ನುವುದು ಅದರಿಂದ ಸರಿಹೋಗಲ್ಲ. ಒಂದು ವರ್ಷ ನರ್ಸಸ್ ಡೇಗೆ ನಮಗೆ ಒತ್ತಡ ನಿರ್ವಹಣೆಯ ಕ್ಲಾಸ್ ಇಟ್ಟಿದ್ದರು. ನೈಟ್ ಮುಗಿಸಿದವರೂ ಕಡ್ಡಾಯವಾಗಿ ಬರಬೇಕಿತ್ತು. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಅಂದಾಗ ಅರ್ಧ ಜನ ಗೊರಕೆ ಹೊಡೆದರು.

ಈ ನಡುವೆ ಅಮ್ಮ ನನ್ನನ್ನು ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಚೇಳಮ್ಮನ ಹುಂಡಿಗೆ ಕಾಸು ಹಾಕಿಸಿದ್ದಳು. ದೃಷ್ಟಿ ತಾಗಿದೆ ಅಂತ ಅವಳ ಲೆಕ್ಕ. ಕೌನ್ಸೆಲರ್‌ಗೆ ಹೇಳಲೋ ಬೇಡವೋ ಅಂತ ಅನುಮಾನ ಇತ್ತು. ಹೇಳಿದೆ. ನಗಲಿಲ್ಲ. 'ಅಲ್ಲಿ ಕೂತಾಗ ಎದೆ ಹೇಗಿತ್ತು?' ಅಂತ ಕೇಳಿದರು. ಅಲ್ಲಿ ಕಲ್ಲಿನ ಮೇಲೆ ಕೂತು ಹತ್ತು ನಿಮಿಷ ನಿದ್ದೆ ಹೋಗಿದ್ದೆ ಅಂದೆ. ಬರೆದುಕೊಂಡರು. ಈಗ ಹದಿನೈದು ದಿನಕ್ಕೊಮ್ಮೆ, ನೈಟ್ ಆಫ್ ಬಿದ್ದ ಮಾರನೇ ದಿನ, ಹನ್ನೊಂದು ಗಂಟೆಗೆ ಹೋಗುತ್ತೇನೆ. ರೋಸ್ಟರ್ ಕೈಗೆ ಬಂದ ತಕ್ಷಣ ಫೋಟೋ ತೆಗೆದು ಅವರಿಗೆ ಕಳಿಸಿಬಿಡುತ್ತೇನೆ. ಮನೆಯಲ್ಲಿ ಕೇಳಿದರೆ ಬ್ಯಾಂಕ್ ಕೆಲಸ ಅನ್ನುತ್ತೇನೆ. ಅಮ್ಮನಿಗೆ ಮಾತ್ರ ಗೊತ್ತು.