ಗರಸು ಹೊಲದಲ್ಲಿ ಸಣ್ಣ ಈರುಳ್ಳಿ: ಬೆಳೆಯ ಲೆಕ್ಕ ಬೇರೆ, ವ್ಯಾಪಾರದ ಲೆಕ್ಕ ಬೇರೆ

ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಕೆಂಪು ಗರಸು (ಸಣ್ಣ ಕಲ್ಲು ಬೆರೆತ) ಹೊಲದಲ್ಲಿ ಸಾಂಬಾರ್ ಈರುಳ್ಳಿ ಎರಡೂವರೆ ತಿಂಗಳೊಳಗೆ ಕೀಳಲು ಬರುತ್ತದೆ. ಇಂಥ ಭೂಮಿಯಲ್ಲಿ ಇಳುವರಿಗಿಂತ ಹೆಚ್ಚಾಗಿ ಲಾಭ ನಿಲ್ಲುವುದು ಎರಡರ ಮೇಲೆ: ಬಿತ್ತನೆ ಗಡ್ಡೆಗೆ ಹೋದ ದುಡ್ಡು, ಒಣಗಿದ ಮೇಲೆ ಉಳಿದ ತೂಕ.

ಮೊದಲು ಗಡ್ಡೆಯ ಲೆಕ್ಕ. 45 ಸೆಂ.ಮೀ. ಅಂತರದ ದಿಂಡುಗಳ ಎರಡೂ ಬದಿಗೆ 10 ಸೆಂ.ಮೀ.ಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 1.8 ಲಕ್ಷ ಗಡ್ಡೆ ಹಿಡಿಯುತ್ತದೆ. ಒಂದೊಂದು ಎರಡೂವರೆ ಗ್ರಾಂ ಇದ್ದರೆ 450 ಕಿಲೋ ಸಾಕು. ಐದು ಗ್ರಾಂನ ದಪ್ಪ ಗಡ್ಡೆ ತಂದರೆ 900 ಕಿಲೋ. ಸತ್ವ ಕಡಿಮೆ ಇರುವ ನೆಲದಲ್ಲಿ ದಪ್ಪ ಗಡ್ಡೆಗೆ ಕೊಟ್ಟ ಹೆಚ್ಚುವರಿ ಹಣ ವಾಪಸ್ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಷ್ಟೇ ಕಿತ್ತ ಗಡ್ಡೆಯನ್ನೂ ನೆಡಬಾರದು. ಅದು ಸುಪ್ತಾವಸ್ಥೆಯಲ್ಲಿರುವುದರಿಂದ ಒಂದು ಕಡೆ ಮೊಳೆತು ಇನ್ನೊಂದು ಕಡೆ ಬರಿದಾಗಿ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ. ಎರಡು ಮೂರು ತಿಂಗಳು ಗಾಳಿಯಾಡುವ ಕಡೆ ಇಟ್ಟದ್ದನ್ನೇ ನೆಡುತ್ತೇವೆ.

ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ, ಅದೂ ಚೆನ್ನಾಗಿ ಕಳಿತದ್ದೇ ಆಗಬೇಕು. ಹಸಿ ಗೊಬ್ಬರ ಹಾಕಿದರೆ ಬುಡ ಕೊಳೆಯುವುದು ಹೆಚ್ಚು. ರಂಜಕಕ್ಕೆ ಡಿಎಪಿ ಬದಲು 150 ಕಿಲೋ ಸೂಪರ್ ಫಾಸ್ಫೇಟ್ ಹಾಕುತ್ತೇವೆ. ಅದರಲ್ಲಿ 24 ಕಿಲೋ ರಂಜಕ ಸಿಗುತ್ತದೆ, ಈರುಳ್ಳಿಗೆ ಬೇಕೇ ಬೇಕಾದ ಗಂಧಕವೂ ಜೊತೆಗೆ ಬರುತ್ತದೆ. ಪೊಟ್ಯಾಷ್ 20 ಕಿಲೋ. ಯೂರಿಯಾ ನೆಡುವಾಗ 26 ಕಿಲೋ, ತಿಂಗಳಾದ ಮೇಲೆ ಮತ್ತೆ 26, ಅಲ್ಲಿಗೆ ಮುಗಿಯಿತು. ಬೆಳೆ ಸಪ್ಪೆಯಾಗಿದೆ ಎಂದು ನಲವತ್ತೈದನೇ ದಿನ ಯೂರಿಯಾ ಎರಚುವವರಿದ್ದಾರೆ. ಎಲೆ ಹಸಿರಾಗುತ್ತದೆ, ನಿಜ. ಆದರೆ ಕತ್ತು ದಪ್ಪವಾಗಿ ಒಣಗದೆ ಚೀಲದಲ್ಲೇ ಕೊಳೆಯುತ್ತದೆ.

ಬೇರು ಮೇಲುಮಟ್ಟದಲ್ಲೇ ಇರುವುದರಿಂದ ಗರಸಿಗೆ ನಾಲ್ಕೈದು ದಿನಕ್ಕೊಮ್ಮೆ ತೆಳು ನೀರು ಬೇಕು, ಕೀಳುವ ಹತ್ತು ದಿನ ಮೊದಲು ನಿಲ್ಲಿಸಬೇಕು. ಥ್ರಿಪ್ಸ್ ಎಂಬ ಸಣ್ಣ ಕೀಟ ಎಲೆ ಕೆರೆದ ಗಾಯದಲ್ಲೇ ನೇರಳೆ ಮಚ್ಚೆ ರೋಗ ಸುಲಭವಾಗಿ ಹೊಗುತ್ತದೆ. ಮಚ್ಚೆಗೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಲೀಟರ್ ನೀರಿಗೆ 2 ಗ್ರಾಂ. ಈರುಳ್ಳಿ ಎಲೆ ಮೇಣದಂತಿರುವುದರಿಂದ ಅಂಟು ದ್ರಾವಣ ಬೆರೆಸದಿದ್ದರೆ ಹನಿ ಜಾರಿ ನೆಲಕ್ಕೆ ಬೀಳುತ್ತದೆ, ಔಷಧಿ ದಂಡ.

ಅರ್ಧಕ್ಕಿಂತ ಹೆಚ್ಚು ಎಲೆ ಬಾಗಿದಾಗ ಕಿತ್ತು, ಒಂದು ಸಾಲಿನ ಎಲೆ ಪಕ್ಕದ ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಮೂರು ದಿನ ಹೊಲದಲ್ಲಿ ಹಾಸುತ್ತೇವೆ. ಆಮೇಲೆ ಎರಡು ಸೆಂ.ಮೀ. ಕತ್ತು ಬಿಟ್ಟು ಕೊಯ್ದು ನೆರಳಿಗೆ. ಆಗಲೇ ಒಂದು ಜಾಲರಿ ಚೀಲದಲ್ಲಿ ಸರಿಯಾಗಿ 10 ಕಿಲೋ ತುಂಬಿ ಗುರುತು ಕಟ್ಟಿಡಿ. ಹದಿನೈದು ದಿನದ ಮೇಲೆ ಅದನ್ನೇ ತೂಗಿದರೆ ಎಷ್ಟು ಇಳಿಯಿತೆಂದು ಗೊತ್ತಾಗುತ್ತದೆ. ಇವತ್ತಿನ ಹಸಿ ತೂಕದ ರೇಟು ಒಳ್ಳೆಯದೋ, ಕಾದು ಮಾರುವುದು ಒಳ್ಳೆಯದೋ ಎಂಬುದನ್ನು ಆ ಚೀಲ ನೋಡಿಯೇ ತೀರ್ಮಾನಿಸುವುದು. ಮುಂದಿನ ಬಿತ್ತನೆಗೆ ತೆಗೆದಿಟ್ಟದ್ದನ್ನೂ ಆದಾಯದಿಂದ ಕಳೆಯಬೇಕು. ಅದನ್ನು ಮರೆತವರ ಲಾಭ ಕಾಗದದ ಮೇಲಷ್ಟೇ.

ಇನ್ನು ಲೈಸೆನ್ಸ್. ಸ್ವಂತ ಹೊಲದ ಈರುಳ್ಳಿಯನ್ನು ಹಾಗೇ ಮಾರುವ ರೈತನಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ, ಜಿಎಸ್‌ಟಿ ನೋಂದಣಿಯೂ ಬೇಡ. ಪಹಣಿ, ಫ್ರೂಟ್ಸ್ ಸಂಖ್ಯೆ (ರಾಜ್ಯದ ರೈತ ನೋಂದಣಿ ಸಂಖ್ಯೆ), ಮಂಡಿಯ ಪಟ್ಟಿ, ಈ ಮೂರನ್ನು ಒಂದೇ ಫೈಲಿನಲ್ಲಿಟ್ಟರೆ ಸಾಕು. ಪಕ್ಕದವರ ಬೆಳೆ ಕೊಂಡು ಮಾರಿದ ದಿನದಿಂದ ಅಥವಾ ಸಿಪ್ಪೆ ಸುಲಿದು ಪ್ಯಾಕ್ ಮಾಡಿದ ದಿನದಿಂದ ಅದು ವ್ಯಾಪಾರ. ಅದಕ್ಕೇ ಬೇರೆ ಬ್ಯಾಂಕ್ ಖಾತೆ, ಬೇರೆ ಖರೀದಿ ಪುಸ್ತಕ ಇಡಿ. ಎರಡೂ ಬೆರೆತರೆ ಯಾವುದು ತೆರಿಗೆಯಿಲ್ಲದ ಕೃಷಿ ಆದಾಯ, ಯಾವುದು ವ್ಯಾಪಾರದ ಲಾಭ ಎಂದು ಬಿಡಿಸಿ ತೋರಿಸುವುದು ಕಷ್ಟ. ಎಪಿಎಂಸಿ ಪ್ರಾಂಗಣದಲ್ಲಿ ವರ್ತಕನಾಗಿ ಕೊಳ್ಳುವುದಾದರೆ ಅಲ್ಲಿನ ಲೈಸೆನ್ಸ್ ಬೇಕು.

ಇಂಥ ವ್ಯಾಪಾರಕ್ಕೆ ಬೇಕಾದ ಆಹಾರ ನೋಂದಣಿಗೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ವಿಳಾಸದ ಜಾಗದಲ್ಲಿ ಮನೆಯದಲ್ಲ, ಸುಲಿಯುವ ಶೆಡ್ಡಿನ ವಿಳಾಸ ಬರೆಯಿರಿ, ಪರಿಶೀಲನೆಗೆ ಬರುವುದು ಅಲ್ಲಿಗೇ. ಸುಲಿದ ಈರುಳ್ಳಿಯ ಪೊಟ್ಟಣದ ಮೇಲೆ 14 ಅಂಕಿಯ ಆಹಾರ ನೋಂದಣಿ ಸಂಖ್ಯೆ, ಹಸಿರು ಚುಕ್ಕೆ, ಬ್ಯಾಚ್, ಪ್ಯಾಕ್ ಮಾಡಿದ ಮತ್ತು ಬಳಕೆಯ ಕೊನೆಯ ದಿನ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದವರ ವಿಳಾಸ, ಗ್ರಾಹಕರ ದೂರಿಗೆ ಫೋನ್ ನಂಬರ್ ಇರಬೇಕು. ಪ್ಯಾಕರ್ ಎಂದು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿ ಬೇರೆಯದು. ಆಹಾರ ನೋಂದಣಿ ಆಗಿದೆ ಎಂದು ಇದನ್ನು ಬಿಟ್ಟವರೇ ಹೆಚ್ಚು. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿವರ್ಷ ಮುದ್ರೆ ಹಾಕಿಸಬೇಕು.

ಕೊನೆಯದಾಗಿ ಕರೆಂಟು. ಪಂಪ್‌ಸೆಟ್ಟಿನ ಉಚಿತ ಸಂಪರ್ಕ ನೀರಾವರಿಗೆ ಮಾತ್ರ. ಸುಲಿಯುವ ಯಂತ್ರಕ್ಕೆ ಅದರಿಂದ ತಂತಿ ಎಳೆದರೆ ದಂಡ ಬೀಳುತ್ತದೆ. ಯಂತ್ರ ತರುವ ಮೊದಲೇ ಶೆಡ್ಡಿಗೆ ಪಂಚಾಯಿತಿಯ ಪರವಾನಗಿ ಪಡೆದು, ಪ್ರತ್ಯೇಕ ಮೀಟರಿಗೆ ಅರ್ಜಿ ಕೊಡಿ.